ಹೊಳೆಗೆ ಬಿಟ್ಟ ಮಾತು

ಆ ಬೆಳಿಗ್ಗೆ ಮಂಡ್ಯದ ನಮ್ಮ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ಕೋಣೆಯೊಳಗೆ ನಾಲ್ಕು ಜನ ಇದ್ದೆವು. ಹೆಡ್‌ಮಾಸ್ಟರು ತಮ್ಮ ಕುರ್ಚಿಯಲ್ಲಿ. ಎದುರಿನ ಬೆಂಚಿನ ಮೇಲೆ ಕನ್ನಡ ಪಂಡಿತರು, ನಶ್ಯದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಕಿಟಕಿಯ ಹತ್ತಿರ ಲೆಕ್ಕದ ಮೇಷ್ಟ್ರು. ಒಳಗೆ ಬರಲೋ ಹೊರಗೇ ನಿಲ್ಲಲೋ ತಿಳಿಯದೆ ಬಾಗಿಲಲ್ಲಿ ನಾನು. ಯುದ್ಧ ಇನ್ನೂ ಮುಗಿದಿರಲಿಲ್ಲ. ನನಗೆ ಆಗ ಮೂವತ್ತು ದಾಟಿರಲಿಲ್ಲ. ಚರಿತ್ರೆ ಪಾಠ ಮಾಡುತ್ತಿದ್ದೆ. ಆಟೋಟ ನೋಡಿಕೊಳ್ಳುವ ಕೆಲಸಕ್ಕೆ ಯಾರೂ ಕೈಯೊಡ್ಡದೆ ಇದ್ದುದರಿಂದ ಅದೂ ನನ್ನ ತಲೆಗೇ ಬಂದಿತ್ತು.

ಮೇಜಿನ ಮೇಲೆ ಮೈಸೂರಿನ ಕಾಲೇಜೊಂದರಿಂದ ಬಂದ ಕಾಗದ ಇತ್ತು. ಹೆಡ್‌ಮಾಸ್ಟರು ಅದನ್ನು ಮೂರನೆಯ ಸಲ ಓದಿದರು. ಒಂದೊಂದು ಸಾಲು ಮುಗಿದಾಗಲೂ ತಲೆಯೆತ್ತಿ ನನ್ನನ್ನು ನೋಡಿದರು.

ವಿಷಯ ಇಷ್ಟು. ಹಿಂದಿನ ವರ್ಷ ನಮ್ಮಲ್ಲಿ ಓದು ಮುಗಿಸಿ ಇಂಟರ್‌ಮೀಡಿಯೆಟ್ಟಿಗೆಂದು ಆ ಕಾಲೇಜಿಗೆ ಸೇರಿದ್ದ ಹುಡುಗನೊಬ್ಬ ಇದ್ದ. ಮಳವಳ್ಳಿ ಕಡೆಯ ಹಳ್ಳಿಯವನು. ಒಂದು ಮೈಲಿ ಓಟದಲ್ಲಿ ಅವನ ಸಮ ಬರುವವರನ್ನು ನಾನು ನೋಡಿರಲಿಲ್ಲ. ಬರುವ ಭಾನುವಾರ ಕಾಲೇಜು ಕಾಲೇಜುಗಳ ಪಂದ್ಯ. ಅದಕ್ಕೆ ಅವನನ್ನು ಆರಿಸಿದ್ದರು. ಆರಿಸಿದ ಮೂರನೆಯ ದಿನಕ್ಕೇ ಯಾರೋ ಪುಣ್ಯಾತ್ಮರು ಪ್ರಿನ್ಸಿಪಾಲರಿಗೊಂದು ಮೂಗರ್ಜಿ ಹಾಕಿದ್ದರು: ಈ ಹುಡುಗ ಹದಿಮೂರನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯನ ಕಾಲನ್ನು ಗುದ್ದಲಿಯಿಂದ ಕಡಿದವನು, ಎರಡು ವರ್ಷ ಬೆಂಗಳೂರಿನ ಹುಡುಗರ ಜೈಲಿನಲ್ಲಿ ಇದ್ದು ಬಂದವನು, ಇಂಥವನು ಕಾಲೇಜಿನ ಬನಿಯನ್ನು ತೊಟ್ಟು ಓಡುವುದೇ ಅಂತ. ಪ್ರಿನ್ಸಿಪಾಲರು ಕೋರ್ಟಿನಲ್ಲಿ ವಿಚಾರಿಸಿದರು. ನಿಜವೇ. ಅಲ್ಲಿಂದ ನಮಗೆ ಕಾಗದ. ಈ ಹುಡುಗನಿಗೆ ನಡತೆಯ ಸರ್ಟಿಫಿಕೇಟು ಕೊಟ್ಟಾಗ ನಿಮಗೆ ಇದು ಗೊತ್ತಿತ್ತೇ? ಅವನ ಊರಿನ ಪಟೇಲರು ಏನು ಹೇಳುತ್ತಾರೆ? ಪೆಟ್ಟು ತಿಂದ ಮನುಷ್ಯ ಬದುಕಿದ್ದರೆ ಅವನು ಏನು ಹೇಳುತ್ತಾನೆ? ಶುಕ್ರವಾರದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ ಓಟವೂ ಇಲ್ಲ, ಕಾಲೇಜೂ ಇಲ್ಲ.

ಅವತ್ತು ಬುಧವಾರ.

"ಸರ್ಟಿಫಿಕೇಟು ಬರೆದವರು ಯಾರು?" ಎಂದರು ಹೆಡ್‌ಮಾಸ್ಟರು. ಗೊತ್ತಿದ್ದೇ ಕೇಳಿದ್ದು.

"ನಾನೇ ಸಾರ್."

"'ನಾನು ಬಲ್ಲಂತೆ ನಡತೆ ಅತ್ಯುತ್ತಮ.' ಏನನ್ನು ಬಲ್ಲಿರಿ ಸ್ವಾಮಿ ನೀವು?"

ನಿಜ ಹೇಳುತ್ತೇನೆ, ಏನನ್ನೂ ಬಲ್ಲವನಾಗಿರಲಿಲ್ಲ. ಮೂರು ವರ್ಷ ನನ್ನ ಕಣ್ಣೆದುರಿಗಿದ್ದ ಹುಡುಗ. ಕೇಳಿದ್ದಕ್ಕೆ ಹೂಂ, ಉಹೂಂ. ಮುಂಜಾನೆ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ಕಬ್ಬಿನ ಗಾಡಿಗಳ ಪಕ್ಕದಲ್ಲಿ ಓಡುತ್ತಿದ್ದ. ಗಾಡಿಯವರು ಎಸೆದ ಕಬ್ಬಿನ ತುಂಡನ್ನು ಹಿಡಿದು, ನಿಲ್ಲದೆ, ಅಗಿಯುತ್ತಲೇ ಓಡುತ್ತಿದ್ದ. ಓಟದಲ್ಲಿ ಗೆದ್ದಾಗಲೂ ಮುಖ ಅರಳುತ್ತಿರಲಿಲ್ಲ. ಇದೇನು ಬಿಗುಮಾನವೋ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದೆ. ತರಗತಿಯಲ್ಲಿ ಎಲ್ಲರಿಗಿಂತ ಎರಡು ವರ್ಷ ದೊಡ್ಡವನಾಗಿದ್ದ. ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಓಡುತ್ತಿದ್ದನಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಲೆಕ್ಕದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇಂಥವನಿಗೆ ಕಾಲೇಜು ಯಾಕೆ ಸಾರ್? ಗುದ್ದಲಿ ಹಿಡಿದವನು ಗುದ್ದಲಿ ಹಿಡಕೊಂಡೇ ಇರಲಿ. ನಾಳೆ ಅಲ್ಲಿ ಯಾವ ಪ್ರೊಫೆಸರ ಕಾಲು ಕಡೀತಾನೋ."

"ಹದಿಮೂರು ವರ್ಷದಲ್ಲಿ ನೀವು ಭಾರಿ ಸಾಧು ಇದ್ರೇನೋ," ಎಂದರು ಪಂಡಿತರು. "ಮೂಗಿನ ಮೇಲೆ ಅದ್ಯಾವ ಜಗಳದ ಗುರುತು?"

"ಅದು ಸಿಡುಬು ಕಣ್ರೀ!"

"ಸರಿ, ಸಿಡುಬು. ಹುಡುಗ ಓಡ್ಲಿ ಬಿಡಿ ಸಾರ್. ನಮ್ಮ ಜಿಲ್ಲೆ ಆಗಿ ಇನ್ನೂ ಎಷ್ಟು ವರ್ಷ ಆಯ್ತು? ಮಂಡ್ಯ ಅಂದ್ರೆ ಕಬ್ಬು ಅಂತಾರೆ ಮೈಸೂರಿನೋರು. ಅವರನ್ನ ಹಿಂದೆ ಹಾಕೋನು ಒಬ್ಬ ಸಿಕ್ಕವನೆ. ಹಳೇದನ್ನ ಕೆದಕೋದು ಯಾಕೆ?"

ನನಗೆ ಇಬ್ಬರ ಮೇಲೂ ರೇಗಿತು. ಲೆಕ್ಕದ ಮೇಷ್ಟ್ರಿಗೆ ಆ ಹುಡುಗ ಇವತ್ತಿಗೂ ಹದಿಮೂರರಲ್ಲೇ ನಿಂತಿದ್ದ. ಪಂಡಿತರಿಗೋ ಅವನ ಕಾಲು ಬೇಕಿತ್ತು, ಅವನು ಬೇಕಿರಲಿಲ್ಲ. ಓಡಲು ಬಾರದ ಬಡಕಲು ಹುಡುಗನೊಬ್ಬ ಇದೇ ತಪ್ಪು ಮಾಡಿಬಂದಿದ್ದರೆ ಪಂಡಿತರು ಅವನ ಪರವಾಗಿ ಒಂದು ಚಿಟಿಕೆ ನಶ್ಯವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳೋಣವೆಂದರೆ, ನಾನೂ ಅದೇ ಜಾತಿಯವನೇ ಅಲ್ಲವೆ?

"ಬರೆದವರೇ ಹೋಗಿ ತಿಳಕೊಂಡು ಬನ್ನಿ," ಎಂದು ಹೆಡ್‌ಮಾಸ್ಟರು ಎದ್ದರು. "ಒಂದು ದಿನ ರಜಾ ಹಾಕಿಕೊಳ್ಳಿ."

ಮರುದಿನ ಬೆಳಗಿನ ರೈಲಿನಲ್ಲಿ ಮದ್ದೂರಿಗೆ ಹೋದೆ. ಅಲ್ಲಿಂದ ಮಳವಳ್ಳಿಗೆ ಬಸ್ಸು. ಪೆಟ್ರೋಲು ಸಿಗದೆ ಬಸ್ಸುಗಳನ್ನು ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದ ಕಾಲ ಅದು. ಬಸ್ಸಿನ ಹಿಂದೆ ಆಳೆತ್ತರದ ಒಂದು ಒಲೆ. ಅದಕ್ಕೆ ಕೆಂಡ ಹಿಡಿಸಿ, ಕ್ಲೀನರು ಹಿಡಿ ತಿರುಗಿಸಿ ಗಾಳಿ ಹಾಕಿ ಹಾಕಿ, ಅದು ಮನಸ್ಸು ಮಾಡಿದಾಗ ಹೊರಡಬೇಕು. ಮನಸ್ಸು ಮಾಡುವುದಕ್ಕೆ ಒಂದು ಗಂಟೆ ಹಿಡಿಯಿತು. ಕಾಯುತ್ತ ಸ್ಟ್ಯಾಂಡಿನ ಪಕ್ಕದ ಕಾಫಿ ಅಂಗಡಿಯಲ್ಲಿ ಕೂತೆ. ಅಂಗಡಿಯವನು ಕುಂಟುತ್ತ ಬಂದು ಬೆಲ್ಲದ ಕಾಫಿ ಕೊಟ್ಟ. ಹತ್ತು ಹನ್ನೆರಡೇ ಮೈಲಿಯಲ್ಲಿ ಅಷ್ಟು ದೊಡ್ಡ ಸಕ್ಕರೆ ಕಾರ್ಖಾನೆ ಇಟ್ಟುಕೊಂಡು ಬೆಲ್ಲದ ಕಾಫಿ ಕುಡಿಯಬೇಕಾಯಿತಲ್ಲ ಎಂದು ನಾನು ಅವನ ಹತ್ತಿರ ಗೊಣಗಿದೆ. "ಬೆಲ್ಲ ಸಿಕ್ಕಿರೋದೇ ಪುಣ್ಯ ಕುಡೀರಿ ಸ್ವಾಮಿ," ಎಂದ ಅವನು. ಆ ಕಾಫಿ ಅಂಗಡಿಯ ಮಾತು ಆಮೇಲೆ ಹೇಳುತ್ತೇನೆ. ನೆನೆದರೆ ಇವತ್ತಿಗೂ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಬಸ್ಸು ಏರು ಬಂದಲ್ಲೆಲ್ಲ ನಿಂತಿತು. ನಾವೆಲ್ಲ ಇಳಿದು ತಳ್ಳಿದೆವು. ಮಳವಳ್ಳಿ ಮುಟ್ಟುವ ಮೊದಲೇ ನನ್ನನ್ನು ಒಂದು ಹುಣಸೆಮರದ ಕೆಳಗೆ ಇಳಿಸಿದರು. ಅಲ್ಲಿಂದ ಎರಡು ಮೈಲಿ ನಡೆದು ಊರು ಸೇರುವಾಗ ನೆತ್ತಿ ಸುಡುವ ಬಿಸಿಲು. ಪಟೇಲರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು.

"ಏನ್ ಮೇಷ್ಟ್ರೇ, ಈ ಬಿಸ್ಲಲ್ಲಿ ಮಂಡ್ಯದಿಂದ ಬಂದ್ರಾ! ಮೊದ್ಲು ಮಜ್ಗೆ ಕುಡೀರಿ. ಆಮ್ಯಾಕೆ ಮಾತು."

ಮಜ್ಜಿಗೆ ಕುಡಿದೆ. ವಿಷಯ ಹೇಳಿದೆ. ಮೂಗರ್ಜಿ, ಕೋರ್ಟು, ಪ್ರಿನ್ಸಿಪಾಲರು, ಶುಕ್ರವಾರ, ಒಂದೂ ಬಿಡದೆ ಹೇಳಿದೆ. ಪಟೇಲರು ಹಗ್ಗದ ತುದಿಯನ್ನು ಕಾಲ ಬೆರಳಲ್ಲಿ ಒತ್ತಿಹಿಡಿದು ಎಲ್ಲವನ್ನೂ ಕೇಳಿಸಿಕೊಂಡರು.

"ಬಂಗಾರದಂತಾ ಐದ ಕಣ್ ಮೇಷ್ಟ್ರೇ ಅವ್ನು," ಎಂದರು.

"ಇರಬಹುದು. ಜೈಲಿಗೆ ಹೋಗಿದ್ದು?"

"ಯಾವ್ ಜೈಲು?"

"ಪಟೇಲರೇ, ಎರಡು ವರ್ಷ ಬೆಂಗಳೂರಿನಲ್ಲಿ ಇದ್ದನಲ್ಲ?"

"ಓ, ಅದಾ. ಓದಕ್ಕೆ ಓಗಿದ್ದ."

"ಓದಕ್ಕಾ!"

"ಊಂ. ಅವ್ನು ನೆಟ್ಗೆ ಓದಿದ್ದೇ ಅಲ್ಲಿ. ಇಲ್ಲಿದ್ದಾಗ ಇಸ್ಕೂಲ್ ತಪ್ಸಿ ಎಮ್ಮೆ ಕಾಯ್ತಿದ್ದ."

"ಗುದ್ದಲಿಯಲ್ಲಿ ಒಬ್ಬರ ಕಾಲು ಕಡಿದದ್ದು?"

"ಗುದ್ಲಿ ಎಲ್ರ ಮನೇಲೂ ಅವೆ ಮೇಷ್ಟ್ರೇ."

ಇಷ್ಟು ಹೊತ್ತಿಗೆ ಜಗಲಿಯ ಸುತ್ತ ಏಳೆಂಟು ಜನ ಸೇರಿದ್ದರು. ನಾನು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬ ಆಕಾಶ ನೋಡಿದ. ಒಬ್ಬ ನನ್ನ ಚಪ್ಪಲಿಯನ್ನು ಹೊಗಳಿದ. ಇನ್ನೊಬ್ಬ, "ಈ ಸತಿ ನಾಲೆ ನೀರು ಬೇಗ ಬುಟ್ರು ಕಣ್ ಸ್ವಾಮಿ," ಎಂದ. ಪಕ್ಕದವನು ಅವನ ಪಕ್ಕೆಗೆ ತಿವಿದು, "ಲೇ, ನೀರ್ ಸುದ್ದಿ ಯಾಕ್ಲಾ ಈಗ," ಎಂದ. ತಿವಿಸಿಕೊಂಡವನು ಎದ್ದೇ ಹೋದ. ನನ್ನ ತಾಳ್ಮೆ ಹರಿಯಿತು. "ನಾನೇನು ಪೊಲೀಸಿನವನೇನ್ರಪ್ಪಾ? ನಿಮ್ಮ ಹುಡುಗನ್ನ ಉಳಿಸೋದಕ್ಕೆ ಬಂದಿದ್ದೀನಿ. ಒಬ್ಬರಾದರೂ ಬಾಯಿ ಬಿಡಿ!" ಎಂದು ಕೂಗಿದೆ.

ಒಳಗಿನಿಂದ ಪಟೇಲರ ತಾಯಿ ಗೋಡೆ ಹಿಡಿದುಕೊಂಡು ಬಂದರು. ತೀರಾ ವಯಸ್ಸಾದವರು. ಹೊಸಲಿನ ಮೇಲೆ ಕೂತು, "ಲೇ ಮಗಾ, ಆ ಮೇಷ್ಟ್ರ ಯಾಕ್ ಅಂಗ್ ಗೋಳುಯ್ಕತೀಯ? ಅಲ್ನೋಡು, ಮಕ ಕೆಂಪ್ಗಾಗದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ ಕೇಳಪ್ಪ. ಐದ ವಾಪಸ್ ಬಂದ ವರ್ಸ, ಎರಡ್ ಮನೇರ್ನೂ ಗಾಡಿ ಕಟ್ಕಂಡು ಮುತ್ತತ್ತಿಗೆ ಕರ್ಕಂಡ್ ಓದೋ. ಇವ್ನು, ಅವ್ನು, ಇಬ್ರೂ ಕೈ ಕೈ ಇಡ್ಕಂಡು ಕಾವೇರೀಲಿ ಮುಳುಗೆದ್ರು. ಮುತ್ತತ್ತಿರಾಯನ ಗುಡಿ ಮುಂದೆ ಒಂದೇ ಎಲೇಲಿ ಉಂಡ್ರು. ಆ ಮಾತ ಅಲ್ಲೇ ಒಳೆಗೆ ಬುಟ್ಟೋ. ಇನ್ ಯಾರೂ ಎತ್ತಂಗಿಲ್ಲ. ಎತ್ತಿದೋರ್ನ ಅವನೇ ನೋಡ್ಕತಾನೆ," ಎಂದರು.

"ಹಾಗಾದರೆ ನಡೆದದ್ದು ನಿಜ ತಾನೆ ಅಜ್ಜಿ?"

"ನಾನೆಲ್ಲಪ್ಪ ಅಂಗಂದೆ? ಒಳೆಗೆ ಬುಟ್ಟಿದ್ದೀವಿ ಅಂದೆ."

ಕೋಪದ ನಡುವೆಯೂ ನನಗೆ ಆ ಮುದುಕಿಯ ಮಾತು ಹಿಡಿಸಿತು. ಇಂಥ ಮುದುಕಿಯರ ಬಾಯಿಂದಲೇ ನಾನೂ ಮಾತು ಕಲಿತವನು. ಅವರ ಕಟ್ಟಳೆಯಲ್ಲಿ ಹುಳುಕೂ ಇರಲಿಲ್ಲ. ಒಂದೇ ನಾಲೆಯ ನೀರು ಹಂಚಿಕೊಂಡು ಬದುಕಬೇಕಾದ ಎರಡು ಮನೆಗಳು. ಆ ಮಾತನ್ನು ಹೊಳೆಗೆ ಬಿಡದಿದ್ದರೆ ಇನ್ನೆಷ್ಟು ಗುದ್ದಲಿ ಏಳುತ್ತಿದ್ದವೋ. ಆದರೆ ಸರ್ಕಾರ ಯಾವುದನ್ನೂ ಹೊಳೆಗೆ ಬಿಡುವುದಿಲ್ಲ; ಬರೆದು ಬೀರುವಿನಲ್ಲಿಡುತ್ತದೆ. ಪ್ರಿನ್ಸಿಪಾಲರ ಕೈಯಲ್ಲಿ ಕೋರ್ಟಿನ ಕಾಗದ ಇದೆ, ಇವರು ನೋಡಿದರೆ ಏನೂ ಆಗಿಲ್ಲ ಎನ್ನುತ್ತಾರೆ. ಹುಡುಗ ಸುಳ್ಳ, ಅವನ ಊರಿಗೆ ಊರೇ ಸುಳ್ಳು ಎಂದಾಗುವುದಿಲ್ಲವೆ?

ಇದನ್ನು ಬಿಡಿಸಿ ಹೇಳಿದೆ. ಪಟೇಲರಿಗೆ ಅರ್ಥವಾಯಿತು ಎಂದುಕೊಂಡೆ. ಒಳಗೆ ಹೋಗಿ ಶಾನುಭೋಗರ ಕೈಯಲ್ಲಿ ಒಂದು ಕಾಗದ ಬರೆಸಿ, ಸೀಲು ಒತ್ತಿ, ಎರಡೂ ಕೈಯಲ್ಲಿ ತಂದುಕೊಟ್ಟರು. ಓದಿದೆ. "ಸದರಿ ಹುಡುಗನು ಹುಟ್ಟಿದಾರಭ್ಯ ಇರುವೆಯನ್ನು ಸಹ ತುಳಿದವನಲ್ಲ. ಯಾವ ಠಾಣೆಯ, ಯಾವ ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಿದವನಲ್ಲ."

"ಪಟೇಲರೇ, ಇದನ್ನು ಕೊಟ್ಟರೆ ಹುಡುಗ ಅವತ್ತೇ ಮನೆಗೆ."

"ಯಾಕೆ? ಸೀಲ್ ಸರ್ಯಾಗ್ ಬಿದ್ದಿಲ್ವಾ? ಕೊಡಿ, ಇನ್ನೊಂದ್ ಸತಿ ಒತ್ತಾನ."

ಆ ಮನುಷ್ಯ ಹುಡುಗನನ್ನು ಪ್ರೀತಿಯಿಂದಲೇ ಮುಳುಗಿಸುತ್ತಿದ್ದ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಇನ್ನು ಯಾರಿಗೂ ಕೊಡಬಾರದೆಂದು ಅಲ್ಲೇ ತೀರ್ಮಾನಿಸಿದೆ. ಹೊರಡುವಾಗ ಅಜ್ಜಿಯನ್ನು ಕೊನೆಯದಾಗಿ ಕೇಳಿದೆ: "ಆಗಿದ್ದರ ಮಾತು ಬೇಡ. ಅವನ ಜೊತೆ ಹೊಳೆಯಲ್ಲಿ ಮುಳುಗಿದನಲ್ಲ ಇನ್ನೊಬ್ಬ, ಅವನು ಈಗ ಎಲ್ಲಿದ್ದಾನೆ? ಅಷ್ಟು ಹೇಳಬಹುದೋ ಇಲ್ಲವೋ?"

ಅಜ್ಜಿ ಯೋಚಿಸಿದರು. "ಅದ್ಯಾಕ್ ಯೋಳಬಾರ್ದು? ಗದ್ದೆ ಆರಂಬ ಮಾಡಕ್ಕೆ ಆಗ್ನಿಲ್ಲ ಅವ್ನಿಗೆ. ಮದ್ದೂರಲ್ಲಿ ಬಸ್ಸು ನಿಲ್ಲೋ ತಾವು ಕಾಪಿ ಅಂಗ್ಡಿ ಮಡಿಕಂಡವ್ನೆ."

ಬೆಲ್ಲದ ಕಾಫಿ! ಬೆಳಿಗ್ಗೆ ಒಂದು ಗಂಟೆ ಅವನ ಎದುರಿಗೇ ಕೂತು, ಸಕ್ಕರೆ ಇಲ್ಲವೆಂದು ಗೊಣಗಿ, ಅವನು ಕುಂಟುವುದನ್ನು ಕಣ್ಣಾರೆ ಕಂಡು, ಎದ್ದು ಬಂದಿದ್ದೆ. ಕಾಲಿಗೇನಾಯಿತಪ್ಪ ಎಂದು ಬಾಯಿಮಾತಿಗಾದರೂ ಕೇಳಿರಲಿಲ್ಲ. ಹುಣಸೆಮರದ ತನಕ ನಡೆದಷ್ಟು ದೂರವೂ ನನ್ನನ್ನು ನಾನೇ ಬೈದುಕೊಂಡೆ.

ಇಳಿಹೊತ್ತಿಗೆ ಮದ್ದೂರು ಸೇರಿದೆ. ಅಂಗಡಿಯಲ್ಲಿ ಮೂರು ಜನ ಗಾಡಿಯವರು ಇದ್ದರು. ಅವರು ಎದ್ದು ಹೋಗುವವರೆಗೆ ಕೂತಿದ್ದು, "ಬೆಳಿಗ್ಗೆ ಬಂದಿದ್ದೆನಲ್ಲ," ಎಂದೆ.

"ಸಕ್ರೆ ಕೇಳಿದ್ರಲ್ಲ, ಅವ್ರೇ ತಾನೆ? ಈಗ್ಲೂ ಇಲ್ಲ ಸಕ್ರೆ."

"ಕಾಲಿಗೆ ಏನಾಯಿತು?"

"ಗಾಡಿಯಿಂದ ಬಿದ್ದೆ."

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಎರಡೂ ಕೈ ಮುಗಿದೆ. "ಅಯ್ಯಾ, ನಿಮ್ಮೂರಿಗೆ ಹೋಗಿ ಬಂದೆ. ಮುತ್ತತ್ತಿಯ ವಿಷಯ ಅಜ್ಜಿ ಹೇಳಿದರು. ನೀನು ಏನನ್ನೂ ಎತ್ತುವುದು ಬೇಡ. ಗಾಡಿಯಿಂದಲೇ ಬಿದ್ದೆ ಅಂತಿಟ್ಟುಕೊಳ್ಳೋಣ. ಆ ಹುಡುಗ ಭಾನುವಾರ ಓಡಬೇಕೋ ಬೇಡವೋ, ಅಷ್ಟು ಹೇಳು. ಅದು ನಾಳೆಯ ಮಾತು. ನಿನ್ನೆಯದಲ್ಲ."

ಅವನು ಒಲೆಯ ಮುಂದೆ ಮಣೆ ಎಳೆದುಕೊಂಡು, ಕೆಟ್ಟ ಕಾಲನ್ನು ಕೈಯಿಂದಲೇ ಎತ್ತಿ ಚಾಚಿ ಕೂತ. ನಲವತ್ತರ ಆಸುಪಾಸಿನವನು. ಬೆಂಕಿ ಕೆದಕಿದ.

"ಅವ್ನು ಇಲ್ಲಿಗೆ ಬತ್ತಾನೆ ಗೊತ್ತಾ ನಿಮ್ಗೆ?"

"ಇಲ್ಲಿಗಾ?"

"ಮಂಡ್ಯದಲ್ಲಿ ಓದೋವಾಗ್ಲಿಂದ. ರಜಾ ಬಂತು ಅಂದ್ರೆ ಊರಿಗ್ ಓಗೋ ಮೊದ್ಲು ಇಲ್ಲಿ ಇಳೀತಾನೆ. ಮಾತಿಲ್ಲ, ಕತೆಯಿಲ್ಲ. ಕೊಡ ತಗಂಡು ಬಾವಿ ತಾವ್ಕೆ ಓಯ್ತಾನೆ. ತೊಟ್ಟಿ ತುಂಬೋಗಂಟ ನೀರು ಸುರೀತಾನೆ. ಓಯ್ತಾನೆ, ಬತ್ತಾನೆ. ಎಳ್ಡೆಳ್ಡು ಕೊಡ ಒತ್ಕಂಡು ದಡ ದಡ ಅಂತ. ಆಮ್ಯಾಕೆ ಅಲ್ಲಿ ಕಂಬದ ತಾವು ವಸಿ ವೊತ್ತು ನಿಂತ್ಕಂಡು, ಓಯ್ತಾನೆ."

"ಒಳ್ಳೆಯದೇ ಅಲ್ಲವೆ ಅದು?"

"ಯಾರ್ಗೆ ಒಳ್ಳೇದು ಸ್ವಾಮಿ?" ಅವನ ದನಿ ಆಗಲೇ ಮೊದಲ ಸಲ ಏರಿದ್ದು. "ಅವ್ನು ದಡ ದಡ ಓಡಾಡ್ತಾನೆ. ನಾನು ಕಾಲ್ ಚಾಚ್ಕಂಡು ಕುಂತು ನೋಡ್ಬೇಕು. ನೀರ್ ತುಂಬಿ ಓದ್ರೆ ಅವ್ನ ಎದೆ ಅಗುರಾಯ್ತದೆ. ನಂಗೆ ಅವತ್ತು ಊಟ ಸೇರಲ್ಲ. ಮರ್ತು ಕುಂತಿರ್ತೀನಿ, ಬಂದು ಗ್ಯಾಪ್ಕ ಮಾಡ್ತಾನೆ. ಬ್ಯಾಡ ಕಣ್ಲಾ ಅನ್ನಕ್ಕೆ ಮಾತ ಎತ್ತಂಗಿಲ್ಲ. ಎತ್ತುದ್ರೆ ಮುತ್ತತ್ತಿರಾಯ. ನಾಕ್ ವರ್ಸದಿಂದ ಬಾಯ್ ಮುಚ್ಕಂಡು ಅವ್ನ ನೀರ್ ಕುಡೀತಾ ಇವ್ನಿ."

ಬುಧವಾರ ಬೆಳಿಗ್ಗೆಯಿಂದ ಎಲ್ಲರೂ ಹುಡುಗನಿಗೆ ಇದು ಸಿಗಬೇಕು, ಅದು ಸಿಗಬಾರದು ಎಂದು ವಾದ ಮಾಡಿದ್ದೇ ಮಾಡಿದ್ದು. ಈ ಮನುಷ್ಯನಿಗೆ ಏನು ಬೇಕು ಎಂದು ಒಬ್ಬರ ಬಾಯಿಂದಲೂ ಬಂದಿರಲಿಲ್ಲ.

"ಹಾಗಾದರೆ ಓಡುವುದು ಬೇಡ ಅಂತ ಬರೆಯಲೇ?"

"ಅದ್ಯಾಕೆ ಅಂಗ್ ಬರೀತೀರಿ? ಓಡ್ಲಿ. ಅವ್ನು ಓಡ್ದೆ ಕುಂತ್ಕಂಡ್ರೆ ನನ್ ಕಾಲು ನೆಟ್ಗಾದದಾ? ಓಡ್ಲಿ, ಓದ್ಲಿ, ಏನಾರಾ ಮಾಡ್ಕಳ್ಳಿ. ನಂದೇನ್ ಅಡ್ಡಿಯಿಲ್ಲ. ಆದ್ರೆ ನನ್ ಅಂಗ್ಡಿಗ್ ಬರದು ಬ್ಯಾಡ. ನೀರು ನಾನು ಆಳಿಟ್ಟು ತರುಸ್ಕತೀನಿ. ಅದ್ನೂ ಬರೀರಿ. ಮೊದ್ಲು ಅದ್ನೇ ಬರೀರಿ."

"ಅವನನ್ನು ಕ್ಷಮಿಸಿದ್ದೀಯ ಅಂತ ಒಂದು ಮಾತು?"

"ಅದೆಲ್ಲ ನಂಗೊತ್ತಿಲ್ಲ ಕಣ್ ಸ್ವಾಮಿ. ಯೋಳಿದ್ದ ಬರ್ಕಳಿ."

ಹೇಳಿದ್ದನ್ನೇ ಬರೆದೆ. ಓದಿ ಹೇಳಿದೆ. ಒಲೆಯ ಮಸಿಯಲ್ಲೇ ಹೆಬ್ಬೆಟ್ಟು ಅದ್ದಿ ಒತ್ತಿದ. ಕಾಫಿಗೆ ಕಾಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ರೈಲಿನಲ್ಲಿ ಕೂತ ಮೇಲೆ ನನಗೆ ಒಂದು ಕೆಟ್ಟ ಯೋಚನೆ ಬಂತು. ಅಂಗಡಿಗೆ ಬರುವುದು ಬೇಡ ಎನ್ನುವ ಸಾಲನ್ನು ಬಿಟ್ಟು ಇನ್ನೊಂದು ಪ್ರತಿ ಮಾಡಿದರೆ? ಪ್ರಿನ್ಸಿಪಾಲರಿಗೆ ಬೇಕಾದದ್ದು "ಅಡ್ಡಿಯಿಲ್ಲ" ಎನ್ನುವುದಷ್ಟೇ. ಆ ಸಾಲು ಇದ್ದರೆ ಅವರಿಗೆ ಅನುಮಾನ ಬಂದೀತು. ಮದ್ದೂರಿನಿಂದ ಮಂಡ್ಯ ಬರುವವರೆಗೂ ಇದೇ ಹಗ್ಗಜಗ್ಗಾಟ. ಮಂಡ್ಯ ಸ್ಟೇಷನ್ನಿನಲ್ಲಿ ಇಳಿದಾಗ ಕಾಗದ ಇದ್ದಂತೆಯೇ ಇತ್ತು. ನನಗೆ ಧರ್ಮಬುದ್ಧಿ ಹೆಚ್ಚಾಗಿತ್ತು ಎಂದು ಹೇಳಿಕೊಳ್ಳಲಾರೆ. ಆ ಹೆಬ್ಬೆಟ್ಟನ್ನು ಇನ್ನೊಂದು ಕಾಗದದ ಮೇಲೆ ಎಲ್ಲಿಂದ ತರುವುದು?

ಶುಕ್ರವಾರ ಮೈಸೂರಿನಲ್ಲಿ ಪ್ರಿನ್ಸಿಪಾಲರ ಕೋಣೆ. ಅವರು ತೆಳ್ಳಗಿನ, ಮೆಲು ಮಾತಿನ ಮನುಷ್ಯ. ಹುಡುಗನನ್ನು ಆಗಲೇ ಕರೆಸಿ ನಿಲ್ಲಿಸಿದ್ದರು. ನನ್ನನ್ನು ನೋಡಿ ಅವನು ಕಣ್ಣು ನೆಲಕ್ಕಿಳಿಸಿದ.

"ನೀನು ಹದಿಮೂರು ವರ್ಷದವನಿದ್ದಾಗ ಏನು ಮಾಡಿದೆ? ನೀನೇ ಹೇಳು," ಎಂದರು ಪ್ರಿನ್ಸಿಪಾಲರು.

ಮಾತಿಲ್ಲ.

"ಕೋರ್ಟಿನ ಕಾಗದ ಸುಳ್ಳೇ?"

ಮಾತಿಲ್ಲ. ನನಗೆ ಅವನ ಎರಡೂ ಭುಜ ಹಿಡಿದು ಅಲುಗಾಡಿಸಬೇಕು ಎನಿಸಿತು. ಎರಡು ದಿನ ರೈಲು, ಬಸ್ಸು, ಬಿಸಿಲು ಎಂದು ಒದ್ದಾಡಿದ್ದೇನೆ, ಅರ್ಧ ದಾರಿ ಬಸ್ಸನ್ನು ನಾನೇ ತಳ್ಳಿದ್ದೇನೆ, ಈ ಮಹಾರಾಯ ತುಟಿ ಹೊಲಿದುಕೊಂಡು ನಿಂತಿದ್ದಾನೆ!

"ಆ ಮಾತು ಎತ್ತಂಗಿಲ್ಲ ಸಾರ್," ಎಂದ ಕೊನೆಗೆ.

"ನೋಡಿದಿರಾ?" ಎಂದು ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಪಶ್ಚಾತ್ತಾಪವೂ ಇಲ್ಲ."

"ಅದಲ್ಲ ಸಾರ್," ಎಂದು ನಾನು ಮುತ್ತತ್ತಿಯ ಆಣೆಯ ಕತೆಯನ್ನು ಹೇಳತೊಡಗಿದೆ. ಹೇಳುತ್ತಿದ್ದಂತೆ ನನಗೇ ಅದು ಪೊಳ್ಳು ನೆಪದಂತೆ ಕೇಳಿಸಿತು. ಪ್ರಿನ್ಸಿಪಾಲರ ಹುಬ್ಬು ಮೇಲೇರಿತು. ಮಾತು ನಿಲ್ಲಿಸಿ, ಹೆಬ್ಬೆಟ್ಟಿನ ಕಾಗದವನ್ನು ಅವರ ಮುಂದಿಟ್ಟೆ. ಪಟೇಲರ ಇರುವೆಯ ಕಾಗದ ನನ್ನ ಜೇಬಿನಲ್ಲೇ ಉಳಿಯಿತು.

ಅವರು ಅದನ್ನು ಗಟ್ಟಿಯಾಗಿ ಓದಿದರು. "ಈ ಹುಡುಗ ನನ್ನ ಅಂಗಡಿಗೆ ಬರುವುದು ಬೇಡ. ನೀರು ಹೊರುವುದು ಬೇಡ. ಅವನು ಓಡುವುದಕ್ಕೆ, ಓದುವುದಕ್ಕೆ ನನ್ನ ಅಡ್ಡಿಯಿಲ್ಲ."

ಹುಡುಗ ತಲೆಯೆತ್ತಿದ. ಮೂರು ವರ್ಷ ನೋಡಿದ ಮುಖ ಅದು. ಅಂಥ ಮುಖವನ್ನು ನಾನು ಕಂಡಿರಲಿಲ್ಲ. "ಬರೋದು ಬ್ಯಾಡ ಅಂದ್ರಾ?" ಎಂದು ನನ್ನನ್ನೇ ಕೇಳಿದ.

"ಹೂಂ."

"ನೀರೂ ಬ್ಯಾಡ ಅಂದ್ರಾ?"

"ಬೇಡ ಅಂದರು."

ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ, ಯಾರೂ ಕೇಳದೆ, ಪ್ರಿನ್ಸಿಪಾಲರಿಗೆ ಹೇಳಿದ: "ಗುದ್ಲೀಲಿ ಒಡ್ದೆ ಸಾರ್. ಎಳ್ಡು ಸತಿ. ಬಿದ್ಮೇಲೆ ಇನ್ನೊಂದು ಸತಿ. ನೀರು ನಮ್ದು ಅಂತ ಕೂಗಾಡ್ದೆ. ನಮ್ದಲ್ಲ ಸಾರ್. ಅವತ್ತು ಸರದಿ ಆ ಅಣ್ಣಂದೇ. ನಂಗೆ ಗೊತ್ತಿತ್ತು. ಗೊತ್ತಿದ್ದೇ ತೂಬು ತೆಗ್ದಿದ್ದೆ. ಕೋರ್ಟಲ್ಲಿ ನಮ್ಮಪ್ಪ ಸರದಿ ನಮ್ದೇ ಅಂದ್ರು. ನಾನೂ ಊಂ ಅಂದೆ."

ಸರದಿಯ ಈ ಮಾತು ಕೋರ್ಟಿನ ಕಾಗದದಲ್ಲೂ ಇರಲಿಲ್ಲ. ಮುತ್ತತ್ತಿಯ ಹೊಳೆಗೂ ಇದನ್ನು ಯಾರೂ ಬಿಟ್ಟಿರಲಿಲ್ಲ. ಇವನೊಬ್ಬನೇ ಇಟ್ಟುಕೊಂಡಿದ್ದ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನು ಮೇಲೆ ಅವರ ಅಂಗಡಿಗೆ ಹೋಗುತ್ತೀಯಾ?"

ಈ ಪ್ರಶ್ನೆಗೆ ಉತ್ತರ ಹೇಳುವುದು ಅವನಿಗೆ ಮೊದಲನೆಯದಕ್ಕಿಂತ ಕಷ್ಟವಾಯಿತು. "ಓಗಲ್ಲ ಸಾರ್," ಎಂದ.

"ಸರಿ. ಭಾನುವಾರ ಬೆಳಿಗ್ಗೆ ಆರಕ್ಕೆ ಮೈ‌ದಾನದಲ್ಲಿರು," ಎಂದು ಅವರು ಕಾಗದಕ್ಕೆ ರುಜು ಹಾಕಿ ಗುಮಾಸ್ತರ ಕಡೆ ತಳ್ಳಿದರು. ನನಗೆ ಒಂದು ಧನ್ಯವಾದವನ್ನಾದರೂ ಹೇಳುತ್ತಾರೇನೋ ಎಂದು ನಿಂತೆ. "ಇನ್ನು ಮುಂದೆ ಸರ್ಟಿಫಿಕೇಟು ಬರೆಯುವಾಗ ಸ್ವಲ್ಪ ವಿಚಾರಿಸಿ ಬರೆಯಿರಿ," ಎಂದರು.

ಭಾನುವಾರ ಅವನು ಓಡಿದ. ನಾಲ್ಕನೆಯವನಾಗಿ ಬಂದ. ಪದಕ ಇದ್ದದ್ದು ಮೂರು ಜನಕ್ಕೆ. "ಇದಕ್ಕೇನ್ರೀ ಇಷ್ಟೆಲ್ಲಾ ಅಲೆದಿದ್ದು?" ಎಂದು ಲೆಕ್ಕದ ಮೇಷ್ಟ್ರು ನನ್ನನ್ನು ಒಂದು ತಿಂಗಳು ಕಾಡಿದರು. ಪಂಡಿತರು ಆ ಹುಡುಗನ ಹೆಸರೆತ್ತುವುದನ್ನೇ ಬಿಟ್ಟರು. ಹುಡುಗ ಕಾಲೇಜಿನಲ್ಲಿ ಬಾಯಿಬಿಟ್ಟ ಸುದ್ದಿ ಹೇಗೋ ಊರು ಮುಟ್ಟಿ, ಅವನ ತಂದೆ ಮುತ್ತತ್ತಿಗೆ ಹೋಗಿ ಆಣೆ ಮುರಿದ ತಪ್ಪನ್ನು ಒಪ್ಪಿಕೊಂಡು ಬರಬೇಕಾಯಿತಂತೆ. ಪಟೇಲರು ಮಂಡ್ಯದ ಸಂತೆಯಲ್ಲಿ ಎದುರಿಗೇ ಸಿಕ್ಕರೂ ನನ್ನನ್ನು ಕಂಡಿಲ್ಲವೆಂಬಂತೆ ಎರಡು ವರ್ಷ ಓಡಾಡಿದರು.

ನಲವತ್ತೇಳರ ಬೇಸಿಗೆಯಲ್ಲಿ ಆ ಹುಡುಗ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ. ಅರ್ಜಿಯನ್ನು ನನಗೆ ತೋರಿಸಲಿಲ್ಲ, ಸರ್ಟಿಫಿಕೇಟನ್ನೂ ಕೇಳಲಿಲ್ಲ. ಯಾವುದಾದರೂ ನ್ಯಾಯಸ್ಥಾನದಿಂದ ಶಿಕ್ಷೆಯಾಗಿದೆಯೇ ಎಂದು ಕೇಳಿದ್ದ ಕಡೆ ಹೌದು ಎಂದು ಬರೆದು, ಸರದಿ ತಮ್ಮದಾಗಿರಲಿಲ್ಲ ಎನ್ನುವುದನ್ನೂ ಸೇರಿಸಿ, ಜಾಗ ಸಾಲದೆ ಹಾಳೆಯ ಹಿಂದಕ್ಕೂ ಬರೆದಿದ್ದನಂತೆ. ವಿದ್ಯಾ ಇಲಾಖೆಯ ಕಚೇರಿಯ ಗುಮಾಸ್ತರು ನನಗೆ ಗುರುತಿನವರು, ಅವರು ಹೇಳಿದ್ದು. ಅವನ ಜೊತೆಯವರಿಗೆಲ್ಲ ಜೂನ್ ತಿಂಗಳಲ್ಲಿ ಆರ್ಡರು ಬಂತು. ಇವನಿಗೆ ಬರಲಿಲ್ಲ. ಬರುವ ಹೊತ್ತಿಗೆ ಸೆಪ್ಟೆಂಬರ್ ಆಗಿತ್ತು. ಬಸರಾಳಿನ ಶಾಲೆಗೆ ಹಾಕಿದ್ದರು. ಮಂಡ್ಯದಿಂದ ನಡೆದೇ ಹೋಗಿ ಕೆಲಸಕ್ಕೆ ಸೇರಿಕೊಂಡ.